ಒಂದೇ ಕಾಲು, ಹದಿನಾರು ಒಡೆಯರು

(ಮೈಕ್ರೋಕಂಟ್ರೋಲರ್ ಎಂದರೆ ಒಂದೇ ಚಿಪ್ಪಿನಲ್ಲಿ ಅಡಗಿದ ಪುಟ್ಟ ಕಂಪ್ಯೂಟರ್. ಅದರ ಪಿನ್ನುಗಳ, ಅಂದರೆ ಕಾಲುಗಳ, ಕುರಿತು ಮಾಡಿದ ಉಪನ್ಯಾಸದ ಬರಹ ರೂಪ. ಹಲಗೆಯ ಮೇಲೆ ಬಿಡಿಸಿದ್ದನ್ನು ಇಲ್ಲಿ ಮಾತಿನಲ್ಲಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನದೇ ಒಂದು ಪೆದ್ದುತನದಿಂದ ಶುರು ಮಾಡುತ್ತೇನೆ.

ಬ್ಯಾಟರಿಯ ಮೇಲೆ ತಿಂಗಳುಗಟ್ಟಲೆ ನಡೆಯಬೇಕಾದ ಪುಟ್ಟ ಸಾಧನವೊಂದಕ್ಕೆ ಪ್ರೋಗ್ರಾಂ ಬರೆಯುತ್ತಿದ್ದೆ. ಬಳಸದ ಪಿನ್ನುಗಳನ್ನೆಲ್ಲ ಅನಲಾಗ್ ಮೋಡಿಗೆ ಹಾಕಿದರೆ ಕರೆಂಟ್ ಉಳಿಯುತ್ತದೆ ಎಂದು ಓದಿದ್ದೆ. ಅದು ನಿಜವೇ, ಯಾಕೆಂದು ಆಮೇಲೆ ಹೇಳುತ್ತೇನೆ. ಒಂದೊಂದೇ ಪಿನ್ನಿನ ಹೆಸರು ಬರೆಯಲು ಸೋಮಾರಿತನ. ಪೋರ್ಟ್ ‘ಎ’ಯ ಹದಿನಾರೂ ಪಿನ್ನುಗಳನ್ನು ಒಂದೇ ಸಾಲಿನಲ್ಲಿ ಅನಲಾಗ್ ಮಾಡಿ, ಬೇಕಾದ ನಾಲ್ಕನ್ನು ಮಾತ್ರ ಮುಂದಿನ ಸಾಲುಗಳಲ್ಲಿ ಬದಲಿಸಿದೆ. ಪ್ರೋಗ್ರಾಂ ಚೆನ್ನಾಗಿಯೇ ಓಡಿತು, ಕರೆಂಟೂ ಇಳಿಯಿತು. ಅದೇ ಹುಮ್ಮಸ್ಸಿನಲ್ಲಿ ಸಣ್ಣದೊಂದು ತಿದ್ದುಪಡಿ ಮಾಡಿ ಮತ್ತೆ ಚಿಪ್ಪಿಗೆ ಇಳಿಸಲು ಹೋದರೆ, ಚಿಪ್ಪೇ ಸಿಗುತ್ತಿಲ್ಲ ಎಂದಿತು ಪ್ರೋಗ್ರಾಮರ್ (ಚಿಪ್ಪಿಗೆ ಪ್ರೋಗ್ರಾಂ ಇಳಿಸುವ ಸಾಧನ). ಕೇಬಲ್ ಬದಲಿಸಿದೆ. ಬೆಸುಗೆಯನ್ನು ಭೂತಗನ್ನಡಿ ಹಿಡಿದು ನೋಡಿದೆ. ಇನ್ನೊಂದು ಬೋರ್ಡ್ ತೆಗೆದು ಅದಕ್ಕೆ ಅದೇ ಪ್ರೋಗ್ರಾಂ ಇಳಿಸಿದೆ. ಅದೂ ಮೌನವ್ರತ ಹಿಡಿಯಿತು.

ಆ ಚಿಪ್ಪು ಎಸ್‌ಟಿಎಂ32 ಕುಟುಂಬದ್ದು. ಅದರಲ್ಲಿ ಪ್ರೋಗ್ರಾಮರ್ ಒಳಗೆ ಬರುವ ಎರಡು ತಂತಿಗಳು ಪಿಎ13 ಮತ್ತು ಪಿಎ14. ಅವು ಆಕಾಶದಿಂದ ಇಳಿದ ವಿಶೇಷ ಪಿನ್ನುಗಳಲ್ಲ, ಪೋರ್ಟ್ ‘ಎ’ಯ ಸಾಮಾನ್ಯ ಪಿನ್ನುಗಳೇ. ರೀಸೆಟ್ ಆದಾಗ ಡೀಬಗ್ ಕೆಲಸಕ್ಕೆ, ಅಂದರೆ ಹೊರಗಿನಿಂದ ಚಿಪ್ಪಿನೊಳಗೆ ಇಣುಕಿ ತಪ್ಪು ಹುಡುಕುವ ಕೆಲಸಕ್ಕೆ, ನೇಮಕಗೊಂಡಿರುತ್ತವೆ, ಅಷ್ಟೆ. ನಾನು ಒಂದೇ ಸಾಲಿನಲ್ಲಿ ಅವನ್ನೂ ಕೆಲಸದಿಂದ ತೆಗೆದುಹಾಕಿದ್ದೆ. ಕೂತ ಕೊಂಬೆಯನ್ನೇ ಕಡಿದುಕೊಂಡಂತಾಯಿತು.

ಪಿನ್ ಎಂದರೆ ಚಿಪ್ಪಿನ ಒಳಗಿನಿಂದ ಹೊರಗೆ ಬಂದ ತಂತಿ ಎಂದು ನಾವು ಅಂದುಕೊಂಡಿರುತ್ತೇವೆ. ಅದು ತಂತಿಯಲ್ಲ, ಕೆಲವು ರಿಜಿಸ್ಟರ್‌ಗಳಲ್ಲಿ (ಚಿಪ್ಪಿನೊಳಗೆ ಕೆಲವೇ ಬಿಟ್ ಹಿಡಿಯುವ ಪುಟ್ಟ ಖಾನೆಗಳಲ್ಲಿ) ಬರೆದಿಟ್ಟ ತೀರ್ಮಾನ. ಆ ತೀರ್ಮಾನದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪ್ರಶ್ನೆಗಳಿವೆ. ಈ ಪಿನ್ನು ಈಗ ಯಾರದು? ಅದು ವಿದ್ಯುತ್ತಿನ ಲೆಕ್ಕದಲ್ಲಿ ಹೇಗೆ ನಡೆದುಕೊಳ್ಳಬೇಕು? ಮೊದಲನೆಯದು ಮಲ್ಟಿಪ್ಲೆಕ್ಸಿಂಗ್, ಎರಡನೆಯದು ಮೋಡ್. ಇವೆರಡನ್ನು ಕಲಸಿಕೊಂಡಾಗ ಹುಟ್ಟುವ ತಪ್ಪುಗಳನ್ನು ಹುಡುಕುವುದರಲ್ಲೇ ನನ್ನ ಕೆಲಸದ ಎಷ್ಟೋ ದಿನಗಳು ಹೋಗಿವೆ.

ಪಿನ್ನುಗಳನ್ನು ಹೀಗೆ ಹಂಚಿಕೊಳ್ಳುವ ಗೋಜಾದರೂ ಯಾಕೆ? ಚಿಪ್ಪಿನೊಳಗೆ ಟ್ರಾನ್ಸಿಸ್ಟರ್ ಅಗ್ಗ, ಚಿಪ್ಪಿನ ಹೊರಗೆ ಕಾಲು ದುಬಾರಿ. ಎಸ್‌ಟಿಎಂ32ಎಫ್407 ಚಿಪ್ಪಿನ ನೂರು ಕಾಲುಗಳ ಆವೃತ್ತಿಯನ್ನು ನೋಡಿ. 14 ಮಿಲಿಮೀಟರ್ ಚೌಕ, ಒಂದೊಂದು ಬದಿಗೆ 25 ಕಾಲು, ಕಾಲಿನಿಂದ ಕಾಲಿಗೆ ಅರ್ಧ ಮಿಲಿಮೀಟರ್. ಅದರಲ್ಲಿ ವಿದ್ಯುತ್ತು, ಗ್ರೌಂಡ್, ರೀಸೆಟ್ ಇತ್ಯಾದಿಗಳನ್ನು ಕಳೆದರೆ ನಮಗೆ ಉಳಿಯುವುದು 82. ಒಳಗೆ ಹದಿನಾಲ್ಕು ಟೈಮರ್‌ಗಳು, ಆರು ಸೀರಿಯಲ್ ಪೋರ್ಟ್‌ಗಳು, ಈಥರ್ನೆಟ್, ಯುಎಸ್‌ಬಿ, ಕ್ಯಾಮೆರಾ ಸಂಪರ್ಕ ಎಲ್ಲ ಇವೆ. ಒಂದೊಂದಕ್ಕೂ ಸ್ವಂತ ಕಾಲು ಕೊಡುತ್ತ ಹೋದರೆ ಚಿಪ್ಪು ಅಂಗೈ ಅಗಲ ಆದೀತು. ಎಲ್ಲವನ್ನೂ ಒಟ್ಟಿಗೆ ಯಾರೂ ಬಳಸುವುದಿಲ್ಲವೆಂಬ ಧೈರ್ಯದ ಮೇಲೆ ಹಂಚಿಕೆ ನಡೆಯುತ್ತದೆ.

ಇದು ಹೊಸ ಉಪಾಯವೇನಲ್ಲ. 1980ರಲ್ಲಿ ಬಂದ ಇಂಟೆಲ್ 8051ಕ್ಕೆ ನಲವತ್ತು ಕಾಲು, ಅವುಗಳಲ್ಲಿ 32 ನಮಗೆ. ಹೊರಗೊಂದು ಮೆಮೊರಿ ಜೋಡಿಸಿದಿರೋ, ಪೋರ್ಟ್ 0 ಮತ್ತು ಪೋರ್ಟ್ 2 ಎರಡೂ ವಿಳಾಸ ಮತ್ತು ದತ್ತಾಂಶದ ಪಾಲಾಗುತ್ತವೆ. ಉಳಿದವುಗಳಲ್ಲಿ ಪೋರ್ಟ್ 3ರ ಎಂಟೂ ಪಿನ್ನುಗಳಿಗೆ ಎರಡೆರಡು ಹೆಸರು. ಪಿ3.1 ಎನ್ನುವುದು ಸೀರಿಯಲ್ ಪೋರ್ಟಿನ ಟಿಎಕ್ಸ್ (ಬಿಟ್‌ಗಳನ್ನು ಒಂದರ ಹಿಂದೊಂದು ಕಳಿಸುವ ತಂತಿ) ಕೂಡ ಹೌದು. ಅಲ್ಲಿ ಒಂದು ಸೊಗಸಾದ ಬಲೆಯಿತ್ತು. ಸೀರಿಯಲ್ ಪೋರ್ಟ್ ಆ ಪಿನ್ನಿನಲ್ಲಿ ಮಾತನಾಡಬೇಕಾದರೆ ಪಿ3.1ರ ಲ್ಯಾಚಿನಲ್ಲಿ (ಪಿನ್ನಿಗೆ ಬರೆದ ಬಿಟ್ಟನ್ನು ಹಿಡಿದಿಡುವ ಜಾಗದಲ್ಲಿ) 1 ಇರಲೇಬೇಕು. ಯಾರಾದರೂ ಮರೆತು ಇಡೀ ಪೋರ್ಟಿಗೆ ಸೊನ್ನೆ ಬರೆದರೆ ಸೀರಿಯಲ್ ಪೋರ್ಟ್ ಒಳಗೇ ಗಂಟಲು ಹರಿದುಕೊಳ್ಳುತ್ತದೆ, ಹೊರಗೆ ಪಿನ್ನು ಸೊನ್ನೆಯಲ್ಲೇ ಕೂತಿರುತ್ತದೆ. ಪೂರ್ತಿ ಪೋರ್ಟಿಗೆ ಒಂದೇ ಸಾಲಿನಲ್ಲಿ ಬರೆಯುವ ಸೋಮಾರಿಗಳು ಆಗಲೂ ಇದ್ದರು ಎನ್ನುವುದು ನನಗೊಂದು ಸಮಾಧಾನ.

ಈಗ ಎಫ್407ರ ಒಂದೇ ಒಂದು ಪಿನ್ನನ್ನು ಹತ್ತಿರದಿಂದ ನೋಡೋಣ: ಪಿಎ2. ಮೋಡ್ ರಿಜಿಸ್ಟರಿನಲ್ಲಿ ಅದಕ್ಕೆ ಎರಡು ಬಿಟ್. ಎರಡು ಬಿಟ್ ಎಂದರೆ ನಾಲ್ಕು ಸಾಧ್ಯತೆ: 00 ಇನ್‌ಪುಟ್, 01 ಔಟ್‌ಪುಟ್, 10 ಪರ್ಯಾಯ ಕೆಲಸ, 11 ಅನಲಾಗ್. ಮೊದಲೆರಡರಲ್ಲಿ ಪಿನ್ನು ನಿಮ್ಮ ಪ್ರೋಗ್ರಾಮಿನ ಕೈಯಲ್ಲಿದೆ. 10 ಬರೆದ ಕೂಡಲೇ ಅದು ಬೇರೊಬ್ಬರ ಕೈಗೆ ಹೋಗುತ್ತದೆ. ಯಾರ ಕೈಗೆ ಎನ್ನುವುದನ್ನು ಇನ್ನೊಂದು ರಿಜಿಸ್ಟರಿನ ನಾಲ್ಕು ಬಿಟ್ ಹೇಳುತ್ತವೆ. ಹಾಗಾಗಿ ಹದಿನಾರು ಒಡೆಯರಿಗೆ ಜಾಗವಿದೆ, ಎಎಫ್0ರಿಂದ ಎಎಫ್15ರವರೆಗೆ (ಎಎಫ್ ಎಂದರೆ ಆಲ್ಟರ್ನೇಟ್ ಫಂಕ್ಷನ್, ಪರ್ಯಾಯ ಕೆಲಸ). ಎಲ್ಲ ಕುರ್ಚಿಗಳೂ ತುಂಬಿರುವುದಿಲ್ಲ. ಪಿಎ2ಕ್ಕೆ 1 ಬರೆದರೆ ಟೈಮರ್ 2ರ ಮೂರನೆಯ ಚಾನಲ್, 2 ಬರೆದರೆ ಟೈಮರ್ 5ರದ್ದು, 3 ಎಂದರೆ ಟೈಮರ್ 9, 7 ಎಂದರೆ ಎರಡನೆಯ ಸೀರಿಯಲ್ ಪೋರ್ಟಿನ ಟಿಎಕ್ಸ್, 11 ಎಂದರೆ ಈಥರ್ನೆಟ್ಟಿನ ಒಂದು ತಂತಿ. ಅನಲಾಗ್ ಮಾಡಿದರೆ ಎಡಿಸಿಯ (ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಘಟಕದ) 2 ಎಂಬ ಸಂಖ್ಯೆಯ ಚಾನಲ್. ಒಂದು ಕಾಲಿನ ಹಿಂದೆ ಇಷ್ಟು ಜನ ಸರದಿಯಲ್ಲಿ ನಿಂತಿದ್ದಾರೆ.

ಹೆಸರು ಮೋಡ್ ರಿಜಿಸ್ಟರ್ ಎಂದಿದ್ದರೂ ಅದು ಎರಡೂ ಪ್ರಶ್ನೆಗಳಿಗೆ ಕೈ ಹಾಕುತ್ತದೆ. ‘ಹೇಗೆ’ ಎಂಬ ಪ್ರಶ್ನೆಯ ಉಳಿದ ಉತ್ತರ ಬೇರೆ ರಿಜಿಸ್ಟರ್‌ಗಳಲ್ಲಿದೆ. ಪುಶ್-ಪುಲ್ಲೋ ಓಪನ್ ಡ್ರೈನೋ ಎಂಬುದಕ್ಕೆ ಒಂದು ಬಿಟ್ (ಇವೇನೆಂದು ಮುಂದೆ ಹೇಳುತ್ತೇನೆ). ಪುಲ್-ಅಪ್ (ಪಿನ್ನನ್ನು ಮೇಲಕ್ಕೆ ಎಳೆಯುವ ರೆಸಿಸ್ಟರ್), ಪುಲ್-ಡೌನ್ (ಕೆಳಕ್ಕೆ ಎಳೆಯುವುದು), ಎರಡೂ ಬೇಡ ಎನ್ನಲು ಎರಡು ಬಿಟ್. ಅಂಚಿನ ಚುರುಕಿಗೆ ಎರಡು ಬಿಟ್. ಒಡೆಯ ಬದಲಾದರೂ ಇವು ಹಾಗೆಯೇ ಇರುತ್ತವೆ ಎಂಬುದನ್ನು ಗಮನಿಸಿ. ನಿನ್ನೆ ಎಲ್‌ಇಡಿಗೆಂದು ಪುಶ್-ಪುಲ್ ಮಾಡಿದ ಪಿನ್ನನ್ನು ಇಂದು ಐ2ಸಿ ಘಟಕಕ್ಕೆ (ಹಲವು ಚಿಪ್ಪುಗಳು ಎರಡೇ ತಂತಿಗಳಲ್ಲಿ ಮಾತನಾಡುವ ಪದ್ಧತಿ ಐ2ಸಿ) ವಹಿಸಿಕೊಟ್ಟರೆ ಅದು ಪುಶ್-ಪುಲ್ ಆಗಿಯೇ ಐ2ಸಿ ಮಾತನಾಡಲು ಹೊರಡುತ್ತದೆ.

ಒಡೆತನದ ವಿಷಯದಲ್ಲಿ ಹೆಚ್ಚಿನವರು ಗಮನಿಸದ ಒಂದು ಮಗ್ಗುಲಿದೆ. ಔಟ್‌ಪುಟ್ ದಿಕ್ಕಿನಲ್ಲಿ ಲೆಕ್ಕ ಸರಳ: ಒಂದು ಪಿನ್ನು, ಹಲವು ಸಂಕೇತಗಳು, ಅವುಗಳಲ್ಲಿ ಒಂದನ್ನು ಆರಿಸುವ ಸ್ವಿಚ್ಚು. ಇನ್‌ಪುಟ್ ದಿಕ್ಕಿನಲ್ಲಿ ಇದು ತಿರುಗಿಬೀಳುತ್ತದೆ. ಒಂದೇ ಸೀರಿಯಲ್ ಪೋರ್ಟಿನ ಆರ್‌ಎಕ್ಸ್ (ದತ್ತಾಂಶ ಪಡೆಯುವ ತಂತಿ) ಹಲವು ಪಿನ್ನುಗಳಲ್ಲಿ ಸಿಗುತ್ತದೆ. ಎರಡು ಪಿನ್ನುಗಳು ಒಟ್ಟಿಗೆ ‘ನಾನೇ ಆರ್‌ಎಕ್ಸ್’ ಎಂದರೆ?

ಆರ್‌ಪಿ2040 ಚಿಪ್ಪಿನಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿದೆ: ಆ ಪಿನ್ನುಗಳ ‘ಆರ್’ (OR) ಫಲಿತಾಂಶ, ಅಂದರೆ ಯಾವುದಾದರೂ ಒಂದರಲ್ಲಿ 1 ಇದ್ದರೆ ಪೆರಿಫೆರಲ್‌ಗೆ (ಸೀರಿಯಲ್ ಪೋರ್ಟ್, ಟೈಮರ್‌ನಂಥ ಒಳಗಿನ ಘಟಕಕ್ಕೆ) ಕಾಣುವುದು 1. ಅದರ ಸೀರಿಯಲ್ ಪೋರ್ಟ್ 0ರ ಆರ್‌ಎಕ್ಸ್ 1ನೇ ಪಿನ್ನಿನಲ್ಲೂ ಸಿಗುತ್ತದೆ, 13ನೆಯದರಲ್ಲೂ ಸಿಗುತ್ತದೆ. ಮೊದಲು 13ರಲ್ಲಿ ಜೋಡಿಸಿದ್ದ ಸಾಧನವನ್ನು ಹಾಗೇ ಬಿಟ್ಟು, 1ರಲ್ಲಿ ಇನ್ನೊಂದನ್ನು ಜೋಡಿಸಿ, 13ರ ನೇಮಕಾತಿ ರದ್ದು ಮಾಡಲು ಮರೆತಿದ್ದೀರಿ ಎಂದುಕೊಳ್ಳಿ. ಸೀರಿಯಲ್ ತಂತಿ ಸುಮ್ಮನಿದ್ದಾಗ 1ರಲ್ಲಿರುತ್ತದೆ; ಮಾತು ಶುರುವಾಗುವುದು ಅದು ಸೊನ್ನೆಗೆ ಇಳಿದಾಗ. 13ರಲ್ಲಿರುವ ಸಾಧನ ಸುಮ್ಮನೆ 1 ಹಿಡಿದು ಕೂತಿದೆ. 1ನೇ ಪಿನ್ನಿನ ಸಾಧನ ಎಷ್ಟೇ ಮಾತನಾಡಿದರೂ ‘ಆರ್’ ಫಲಿತಾಂಶ 1 ಆಗಿಯೇ ಇರುತ್ತದೆ. ಒಂದು ಅಕ್ಷರವೂ ಬರುವುದಿಲ್ಲ. ಆಸಿಲೋಸ್ಕೋಪ್ ಹಚ್ಚಿದರೆ ಪಿನ್ನಿನ ಮೇಲೆ ಚೆಂದದ ಅಲೆ ಕಾಣುತ್ತದೆ, ಪ್ರೋಗ್ರಾಂ ಮಾತ್ರ ಕಿವುಡು. ಇಂಥ ಕಡೆ ಜನ ಬಾಡ್ ರೇಟ್ (ಸೀರಿಯಲ್ ಮಾತಿನ ವೇಗ) ಬದಲಿಸಿ ಬದಲಿಸಿ ನೋಡುತ್ತಾರೆ. ಅದೇ 13ರಲ್ಲಿ ಏನೂ ಜೋಡಿಸಿರದಿದ್ದರೆ ರೀಸೆಟ್ಟಿನಿಂದ ಬಂದ ಪುಲ್-ಡೌನ್ ಅದನ್ನು ಸೊನ್ನೆಯಲ್ಲಿ ಇಟ್ಟಿರುತ್ತದೆ, ಎಲ್ಲ ಸರಿಯಾಗಿ ನಡೆಯುತ್ತದೆ. ಆದ್ದರಿಂದಲೇ ಈ ದೋಷ ಮೇಜಿನ ಮೇಲೆ ಸಿಗದೆ ಜೋಡಣೆಯೆಲ್ಲ ಮುಗಿದ ಮೇಲೆ ತಲೆ ಎತ್ತುತ್ತದೆ.

ಇಎಸ್‌ಪಿ32 ಎಂಬ ಚಿಪ್ಪು ಇನ್ನೊಂದು ದಾರಿ ಹಿಡಿದಿದೆ. ಅದರೊಳಗೆ ಜಿಪಿಐಒ ಮ್ಯಾಟ್ರಿಕ್ಸ್ ಎಂಬ ಸ್ವಿಚ್ಚುಗಳ ಬಲೆಯಿದೆ. ಹೆಚ್ಚುಕಡಿಮೆ ಯಾವ ಸಂಕೇತವನ್ನಾದರೂ ಯಾವ ಪಿನ್ನಿಗಾದರೂ ಒಯ್ಯಬಹುದು. ಕೇಳಲು ಸ್ವರ್ಗ. ಬೋರ್ಡಿನಲ್ಲಿ ಆರ್‌ಎಕ್ಸ್, ಟಿಎಕ್ಸ್ ಅದಲುಬದಲಾಗಿದ್ದರೆ ಪ್ರೋಗ್ರಾಮಿನಲ್ಲೇ ಸರಿಪಡಿಸಬಹುದು, ಇದಕ್ಕಾಗಿ ನಾನು ಎಷ್ಟೋ ಸಲ ಕೈಮುಗಿದಿದ್ದೇನೆ. ಆದರೆ ಆ ಬಲೆ ದಾಟಲು ಸಂಕೇತಕ್ಕೆ ಸಮಯ ಹಿಡಿಯುತ್ತದೆ. ಎಸ್‌ಪಿಐಯನ್ನು (ಚಿಪ್ಪುಗಳ ನಡುವಿನ ಇನ್ನೊಂದು ವೇಗದ ಸಂಪರ್ಕವನ್ನು) 80 ಮೆಗಾಹರ್ಟ್ಸ್‌ನಲ್ಲಿ ಓಡಿಸಬೇಕಾದರೆ ಬಲೆಯನ್ನು ಬಿಟ್ಟು ನೇರ ದಾರಿಯಿರುವ ನಿಗದಿತ ಪಿನ್ನುಗಳನ್ನೇ ಬಳಸಬೇಕು. ‘ಯಾವ ಪಿನ್ನಿಗಾದರೂ’ ಎಂಬ ಮಾತಿಗೂ ಅಪವಾದಗಳಿವೆ: 34ರಿಂದ 39ರವರೆಗಿನವು ಇನ್‌ಪುಟ್ ಮಾತ್ರ, ಅವಕ್ಕೆ ಒಳಗಿನ ಪುಲ್-ಅಪ್ಪೂ ಇಲ್ಲ, 6ರಿಂದ 11ರವರೆಗಿನವು ಸಾಮಾನ್ಯವಾಗಿ ಫ್ಲ್ಯಾಶ್ ಮೆಮೊರಿಗೆ ಮೀಸಲು. ಸ್ವಾತಂತ್ರ್ಯ ಜಾಸ್ತಿ ಇದ್ದಷ್ಟೂ ಅಡಿಟಿಪ್ಪಣಿ ಜಾಸ್ತಿ.

‘ಹೇಗೆ’ ಎಂಬ ಪ್ರಶ್ನೆಗೆ ಬರುತ್ತೇನೆ. ನನ್ನ ಮಟ್ಟಿಗೆ ಇದೇ ಹೆಚ್ಚು ರುಚಿಯ ಭಾಗ.

ಪಿನ್ನಿನ ಹಿಂದೆ ಎರಡು ಟ್ರಾನ್ಸಿಸ್ಟರ್‌ಗಳಿವೆ. ಮೇಲಿನದು ಪಿನ್ನನ್ನು 3.3 ವೋಲ್ಟಿಗೆ ಕಟ್ಟುತ್ತದೆ, ಕೆಳಗಿನದು ಗ್ರೌಂಡಿಗೆ. ಪುಶ್-ಪುಲ್ಲಿನಲ್ಲಿ ಯಾವಾಗಲೂ ಎರಡರಲ್ಲಿ ಒಂದು ಹಿಡಿದಿರುತ್ತದೆ. ಓಪನ್ ಡ್ರೈನಿನಲ್ಲಿ ಮೇಲಿನದಕ್ಕೆ ರಜೆ: ಸೊನ್ನೆ ಬರೆದರೆ ಗ್ರೌಂಡಿಗೆ ಎಳೆಯುತ್ತದೆ, ಒಂದು ಬರೆದರೆ ಕೈಬಿಡುತ್ತದೆ. ಕೈಬಿಟ್ಟ ತಂತಿಯನ್ನು ಮೇಲಕ್ಕೆ ಎತ್ತುವುದು ಒಂದು ರೆಸಿಸ್ಟರಿನ ಕೆಲಸ. ಹಲವು ಸಾಧನಗಳು ಒಂದೇ ತಂತಿಯಲ್ಲಿ ಮಾತನಾಡುವ ಐ2ಸಿಗೆ ಇದೇ ಬೇಕು. ಅಲ್ಲಿ ಯಾರೂ ತಂತಿಯನ್ನು ಬಲವಂತವಾಗಿ ಮೇಲಕ್ಕೆ ತಳ್ಳುವಂತಿಲ್ಲ. ತಳ್ಳಿದಾಗ ಇನ್ನೊಬ್ಬ ಕೆಳಕ್ಕೆ ಎಳೆಯುತ್ತಿದ್ದರೆ ಎರಡು ಟ್ರಾನ್ಸಿಸ್ಟರ್‌ಗಳ ಮೂಲಕ 3.3 ವೋಲ್ಟಿನಿಂದ ನೇರ ಗ್ರೌಂಡಿಗೆ ಕರೆಂಟ್ ಹರಿಯುತ್ತದೆ.

ಚಿಪ್ಪಿನೊಳಗೇ ಪುಲ್-ಅಪ್ ಇದೆಯಲ್ಲ, ಹೊರಗೆ ಯಾಕೆ ರೆಸಿಸ್ಟರ್ ಎಂದು ಕೇಳುವವರಿಗಾಗಿ ಹಲಗೆಯ ಮೇಲೆ ಲೆಕ್ಕ ಹಾಕಿದ್ದೆ. ಎಫ್407ರ ಒಳಗಿನ ಪುಲ್-ಅಪ್ ಸುಮಾರು 40 ಕಿಲೋ ಓಮ್. ಐ2ಸಿ ತಂತಿ ಮತ್ತು ಅದಕ್ಕೆ ನೇತುಬಿದ್ದ ಚಿಪ್ಪುಗಳದ್ದೆಲ್ಲ ಸೇರಿ 100 ಪಿಕೋಫ್ಯಾರಡ್ ಇದೆ ಎನ್ನೋಣ. ಎರಡನ್ನೂ ಗುಣಿಸಿದರೆ 4 ಮೈಕ್ರೋಸೆಕೆಂಡ್; ಐ2ಸಿಯ ವ್ಯಾಖ್ಯೆಯಂತೆ ಶೇ. 30ರಿಂದ ಶೇ. 70ಕ್ಕೆ ಏರುವ ಸಮಯ ಅದರ 0.85ರಷ್ಟು, ಅಂದರೆ 3.4 ಮೈಕ್ರೋಸೆಕೆಂಡ್. 400 ಕಿಲೋಹರ್ಟ್ಸ್ ಐ2ಸಿಯಲ್ಲಿ ಏರಿಕೆಗೆ ಇರುವ ಗಡುವು 300 ನ್ಯಾನೋಸೆಕೆಂಡ್. ಹತ್ತು ಪಟ್ಟಿಗಿಂತ ಹೆಚ್ಚು ತಡ! ತಂತಿ ಮೇಲೆ ಏರುವಷ್ಟರಲ್ಲಿ ಮುಂದಿನ ಬಿಟ್ ಬಂದಿರುತ್ತದೆ. ಹೊರಗೆ 2.2 ಕಿಲೋ ಓಮ್ ಹಾಕಿದರೆ ಅದೇ ಲೆಕ್ಕ 190 ನ್ಯಾನೋಸೆಕೆಂಡಿನ ಆಸುಪಾಸಿಗೆ ಬರುತ್ತದೆ. ಒಳಗಿನ ಪುಲ್-ಅಪ್ ಗುಂಡಿ ಒತ್ತಿದ್ದನ್ನು ಓದಲು ಸಾಕು. ಬೆರಳಿಗೆ ಅವಸರವಿಲ್ಲ.

ಚುರುಕಿನ ಬಿಟ್‌ಗಳ ಬಗ್ಗೆ ಒಂದೇ ಮಾತು. ಅದು ಪಿನ್ನು ಎಷ್ಟು ಸಲ ಬದಲಾಗುತ್ತದೆ ಎಂಬುದನ್ನು ಹೇಳುವುದಿಲ್ಲ. ಒಂದೊಂದು ಬದಲಾವಣೆಯ ಅಂಚು ಎಷ್ಟು ಕಡಿದಾಗಿರುತ್ತದೆ ಎಂಬುದನ್ನು ಹೇಳುತ್ತದೆ. ಸೆಕೆಂಡಿಗೊಮ್ಮೆ ಮಿನುಗುವ ಎಲ್‌ಇಡಿಗೂ ಅತಿ ಹೆಚ್ಚಿನ ಚುರುಕು ಕೊಟ್ಟ ಪ್ರೋಗ್ರಾಂಗಳನ್ನು ದಿನವೂ ನೋಡುತ್ತೇನೆ. ಎಲ್‌ಇಡಿಗೆ ಅದರಿಂದ ಏನೂ ಆಗುವುದಿಲ್ಲ. ಪಕ್ಕದ ತಂತಿಗಳಿಗೆ, ರೇಡಿಯೊಗೆ ಗದ್ದಲವಾಗುತ್ತದೆ.

ಇನ್ನು ಅನಲಾಗ್ ಮೋಡ್. ಡಿಜಿಟಲ್ ಇನ್‌ಪುಟ್ಟಿನ ಬಾಗಿಲಲ್ಲಿ ಶ್ಮಿಟ್ ಟ್ರಿಗರ್ ಎಂಬ ತೀರ್ಪುಗಾರ ಕೂತಿರುತ್ತಾನೆ. ಬಂದ ವೋಲ್ಟೇಜನ್ನು ಸೊನ್ನೆ ಅಥವಾ ಒಂದು ಎಂದು ತೀರ್ಮಾನಿಸುವುದು ಅವನ ಕೆಲಸ. ಏನೂ ಜೋಡಿಸದ ಪಿನ್ನು ಎರಡರ ನಡುವೆ ತೇಲಾಡುತ್ತ ಇರುತ್ತದೆ. ಆಗ ಅವನ ಒಳಗಿನ ಮೇಲಿನ ಮತ್ತು ಕೆಳಗಿನ ಟ್ರಾನ್ಸಿಸ್ಟರ್‌ಗಳೆರಡೂ ಅರೆಬರೆ ತೆರೆದುಕೊಂಡು ಕರೆಂಟ್ ಸೋರುತ್ತದೆ. ಅನಲಾಗ್ ಮೋಡಿನಲ್ಲಿ ತೀರ್ಪುಗಾರನನ್ನೇ ಮನೆಗೆ ಕಳಿಸುತ್ತಾರೆ, ಸೋರಿಕೆ ನಿಲ್ಲುತ್ತದೆ. ಬ್ಯಾಟರಿಯ ಆಸೆಗೆ ನಾನು ಮಾಡಲು ಹೋದದ್ದು ಇದನ್ನೇ. ಹಳೆಯ ಎಸ್‌ಟಿಎಂ32ಗಳಲ್ಲಿ ಬಹುಪಾಲು ಪಿನ್ನುಗಳು ರೀಸೆಟ್ ಆದಾಗ ಇನ್‌ಪುಟ್ ಆಗಿರುತ್ತಿದ್ದವು. ಎಲ್4ನಂಥ ಹೊಸ ಕುಟುಂಬಗಳಲ್ಲಿ ಡೀಬಗ್ ಪಿನ್ನುಗಳನ್ನು ಬಿಟ್ಟು ಉಳಿದವು ಅನಲಾಗ್ ಆಗಿಯೇ ಏಳುತ್ತವೆ. ಒಂದು ಎಚ್ಚರಿಕೆ: ಎಫ್407ರಲ್ಲಿ 5 ವೋಲ್ಟ್ ತಾಳಿಕೊಳ್ಳುತ್ತದೆ ಎಂದು ಗುರುತು ಹಾಕಿರುವ ಪಿನ್ನುಗಳು ಅನಲಾಗ್ ಮೋಡಿನಲ್ಲಿ ಆ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ರಿಜಿಸ್ಟರಿನ ಎರಡು ಬಿಟ್ ಬದಲಾದರೆ ಸಹಿಸುವ ವೋಲ್ಟೇಜೇ ಬದಲಾಗುತ್ತದೆ.

ನಿಮ್ಮ ಪ್ರೋಗ್ರಾಮಿನ ಮೊದಲ ಸಾಲು ಓಡುವ ಮುಂಚೆಯೂ ಪಿನ್ನಿಗೆ ಒಂದು ಬದುಕಿದೆ. ಮೋಟರಿನ ಟ್ರಾನ್ಸಿಸ್ಟರಿಗೆ ಜೋಡಿಸಿದ ಪಿನ್ನು ಆ ಕೆಲವು ಮಿಲಿಸೆಕೆಂಡುಗಳಲ್ಲಿ ತೇಲುತ್ತಿದ್ದರೆ ಮೋಟರ್ ಒಮ್ಮೆ ಬೆಚ್ಚಿಬೀಳುತ್ತದೆ. ಇದಕ್ಕೆ ಪ್ರೋಗ್ರಾಮಿನಲ್ಲಿ ಮದ್ದಿಲ್ಲ, ಹೊರಗೊಂದು 10 ಕಿಲೋ ಓಮ್ ಪುಲ್-ಡೌನ್ ಹಾಕಬೇಕು. ಇಎಸ್‌ಪಿ32ರಲ್ಲಂತೂ ರೀಸೆಟ್ಟಿನ ಗಳಿಗೆಯಲ್ಲಿ ಕೆಲವು ಪಿನ್ನುಗಳನ್ನು ಚಿಪ್ಪೇ ಓದಿಕೊಂಡು ತನ್ನ ನಡವಳಿಕೆ ತೀರ್ಮಾನಿಸುತ್ತದೆ. 12ನೇ ಪಿನ್ನು ಆಗ ಮೇಲಿದ್ದರೆ ಫ್ಲ್ಯಾಶ್ ಮೆಮೊರಿಗೆ 1.8 ವೋಲ್ಟ್ ಕೊಡುತ್ತದೆ. ಬೋರ್ಡಿನಲ್ಲಿರುವ ಮೆಮೊರಿ 3.3 ವೋಲ್ಟಿನದಾದರೆ ಚಿಪ್ಪು ಏಳುವುದೇ ಇಲ್ಲ. ಆ ಪಿನ್ನಿಗೆ ಯಾರೋ ಪುಲ್-ಅಪ್ ಇರುವ ಸೆನ್ಸರ್ ಜೋಡಿಸಿರುತ್ತಾರೆ. ಸೆನ್ಸರ್ ಕಿತ್ತರೆ ಬೋರ್ಡ್ ಏಳುತ್ತದೆ, ಜೋಡಿಸಿದರೆ ಮಲಗುತ್ತದೆ. ಪಾಪ, ಅವರು ಸೆನ್ಸರ್ ಕೆಟ್ಟಿದೆ ಎಂದು ಹೊಸದು ತರಿಸುತ್ತಾರೆ.

ಮೊದಲ ಸಾಲುಗಳ ಕ್ರಮವೂ ಮುಖ್ಯ. ಒಂದು ಪಿನ್ನು ಮೇಲಿನ ಮಟ್ಟದಲ್ಲಿಯೇ ಔಟ್‌ಪುಟ್ ಆಗಬೇಕಿದ್ದರೆ ಮೊದಲು ದತ್ತಾಂಶದ ರಿಜಿಸ್ಟರಿಗೆ 1 ಬರೆಯಿರಿ, ಆಮೇಲೆ ಮೋಡ್ ಬದಲಿಸಿ. ತಿರುಗುಮುರುಗಾದರೆ ನಡುವೆ ಒಂದು ಕ್ಷಣ ಸೊನ್ನೆ ಹೊರಗೆ ಹೋಗುತ್ತದೆ. ಆಚೆ ಕಡೆ ಇರುವುದು ಇನ್ನೊಂದು ಚಿಪ್ಪಿನ ರೀಸೆಟ್ ಆಗಿದ್ದರೆ ಆ ಕ್ಷಣವೇ ಸಾಕು. ಹಾಗೆಯೇ ಒಡೆಯ ಯಾರೆಂದು ಮೊದಲು ಬರೆದು, ‘ಪರ್ಯಾಯ ಕೆಲಸ’ ಎಂಬ ಮೋಡನ್ನು ಕೊನೆಗೆ ಬರೆಯುವುದು ಒಳ್ಳೆಯದು.

ನನ್ನ ಮೌನಿ ಬೋರ್ಡಿಗೆ ಏನಾಯಿತು ಎಂದು ಯಾರೋ ಕೇಳಿದರು. ರೀಸೆಟ್ ಆದಾಗ ಪಿನ್ನುಗಳು ಡೀಬಗ್ ಕೆಲಸಕ್ಕೆ ಮರಳುತ್ತವೆ, ಆದರೆ ನನ್ನ ಪ್ರೋಗ್ರಾಂ ಎದ್ದ ಕೂಡಲೇ ಮತ್ತೆ ಕಿತ್ತುಕೊಳ್ಳುತ್ತಿತ್ತು. ಹಾಗಾದರೆ ನನ್ನ ಪ್ರೋಗ್ರಾಂ ಏಳದಂತೆ ಮಾಡಬೇಕು. ಬೂಟ್0 ಪಿನ್ನನ್ನು ಒಂದು ತುಂಡು ತಂತಿಯಿಂದ 3.3 ವೋಲ್ಟಿಗೆ ತಾಗಿಸಿ ರೀಸೆಟ್ ಒತ್ತಿದೆ. ಚಿಪ್ಪು ನನ್ನದನ್ನು ಬಿಟ್ಟು ಕಾರ್ಖಾನೆಯಲ್ಲಿ ತುಂಬಿದ ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಂ ಓಡಿಸಿತು, ಪ್ರೋಗ್ರಾಮರ್ ಒಳಗೆ ಹೋಯಿತು. ಎರಡೂ ಬೋರ್ಡ್ ಬದುಕಿದವು.

ಇನ್ನೊಬ್ಬರ ಪ್ರಶ್ನೆ: ಆರ್ಡುಯಿನೊದಲ್ಲಿ ಈ ತಾಪತ್ರಯ ಯಾವುದೂ ಇಲ್ಲವಲ್ಲ? ಇದೆ, ಕಾಣುವುದಿಲ್ಲ. ಹಲವು ಆರ್ಡುಯಿನೊ ಬೋರ್ಡುಗಳಲ್ಲಿರುವ ಎಟಿಮೆಗಾ328ಪಿ ಚಿಪ್ಪಿನಲ್ಲಿ ಒಡೆಯನನ್ನು ಆರಿಸುವ ಪ್ರತ್ಯೇಕ ರಿಜಿಸ್ಟರೇ ಇಲ್ಲ. ಸೀರಿಯಲ್ ಪೋರ್ಟನ್ನು ಚಾಲೂ ಮಾಡಿದ ತಕ್ಷಣ ಅದು 0 ಮತ್ತು 1ನೇ ಪಿನ್ನುಗಳನ್ನು ಕೇಳದೆ ಕೇಳಿಸದೆ ವಶಕ್ಕೆ ತೆಗೆದುಕೊಳ್ಳುತ್ತದೆ. ಆಮೇಲೆ 1ನೆಯದಕ್ಕೆ ನೀವು ಔಟ್‌ಪುಟ್ ಎಂದು ಎಷ್ಟು ಸಲ ಬರೆದರೂ ಕೇಳುವವರಿಲ್ಲ.

ಕೊನೆಯ ಪ್ರಶ್ನೆ: ಪಿನ್ನು ಕೆಲಸ ಮಾಡದಿದ್ದರೆ ಮೊದಲು ಏನು ನೋಡುತ್ತೀರಿ? ಎಸ್‌ಟಿಎಂ32 ಆದರೆ ಆ ಪೋರ್ಟಿನ ಕ್ಲಾಕ್ (ಅದನ್ನು ನಡೆಸುವ ತಾಳದ ಸಂಕೇತ) ಚಾಲೂ ಆಗಿದೆಯೇ ಎಂದು ನೋಡುತ್ತೇನೆ. ಆಗಿರದಿದ್ದರೆ ನೀವು ಬರೆದದ್ದೆಲ್ಲ ನೀರಿನಲ್ಲಿ ಬರೆದಂತೆ. ದೋಷದ ಸೂಚನೆಯೂ ಬರುವುದಿಲ್ಲ. ಅದು ಸರಿಯಿದ್ದರೆ ಡೀಬಗರಿನಲ್ಲಿ ಪಿನ್ನಿನ ರಿಜಿಸ್ಟರ್‌ಗಳನ್ನು ತೆರೆದು, ನಾನು ಬರೆದೆ ಎಂದುಕೊಂಡದ್ದು ಅಲ್ಲಿದೆಯೇ ಎಂದು ಓದುತ್ತೇನೆ. ಆಮೇಲೆ ಎಲ್ಲ ಪೆರಿಫೆರಲ್‌ಗಳಿಂದ ಪಿನ್ನನ್ನು ಬಿಡಿಸಿ, ಬರೀ ಔಟ್‌ಪುಟ್ ಮಾಡಿ, ಎರಡು ಸೆಕೆಂಡಿಗೊಮ್ಮೆ ಮೇಲೆ ಕೆಳಗೆ ಮಾಡಿಸುತ್ತ ಮಲ್ಟಿಮೀಟರ್ ಹಿಡಿಯುತ್ತೇನೆ. 0 ಮತ್ತು 3.3 ಕಂಡರೆ ಕಾಲು ಗಟ್ಟಿಯಾಗಿದೆ. ತೊಂದರೆ ಒಡೆತನದ್ದು, ಆ ನಾಲ್ಕು ಬಿಟ್‌ಗಳಲ್ಲಿ ಹುಡುಕಬೇಕು. ನಾನು ಸೊನ್ನೆ ಬರೆದಾಗಲೂ 1.6ರ ಆಸುಪಾಸು ತೋರಿಸಿದರೆ ಆಚೆ ತುದಿಯಲ್ಲಿ ಇನ್ನೊಬ್ಬರು ಅದೇ ತಂತಿಯನ್ನು ಮೇಲಕ್ಕೆ ಎಳೆಯುತ್ತಿದ್ದಾರೆ ಎಂದರ್ಥ. ಆಗ ಹುಡುಕಾಟವನ್ನೆಲ್ಲ ಬದಿಗಿಟ್ಟು ಮೊದಲು ಪವರ್ ಕೀಳುತ್ತೇನೆ.